ಹಿಂಗಾರಿಗೆ ಮುಂಚೆ ಒಂದು ಮಾತು

(ಸಂಘದ ತಿಂಗಳ ಉಪನ್ಯಾಸ ಮಾಲೆಯಲ್ಲಿ, ಸೆಪ್ಟೆಂಬರಿನ ಒಂದು ಭಾನುವಾರ ಚೆನ್ನೈಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

ಈ ವೇದಿಕೆಯಿಂದ ತಾವು ಪಂಪನನ್ನು ಕುರಿತು, ದಾಸಸಾಹಿತ್ಯವನ್ನು ಕುರಿತು, ಗಡಿ ಮತ್ತು ನದಿಗಳ ವಿವಾದಗಳನ್ನು ಕುರಿತು ವಿದ್ವತ್ಪೂರ್ಣವಾದ ಮಾತುಗಳನ್ನು ಕೇಳಿದ್ದೀರಿ. ನಾನು ಈ ದಿನ ಆರಿಸಿಕೊಂಡಿರುವ ವಿಷಯ ಆ ಸಾಲಿನಲ್ಲಿ ನಿಲ್ಲುವಂಥದ್ದಲ್ಲ. ಚಂಡಮಾರುತದ ಋತು ಆರಂಭವಾಗುವುದಕ್ಕೆ ಮುಂಚೆ ನಾವು ಮಾಡಿಕೊಳ್ಳಬೇಕಾದ ಸಿದ್ಧತೆಯನ್ನು ಕುರಿತು ಮಾತನಾಡುತ್ತೇನೆಂದು ಕಾರ್ಯಕಾರಿ ಸಮಿತಿಯಲ್ಲಿ ಹೇಳಿದಾಗ ಸದಸ್ಯರೊಬ್ಬರು, "ರಾಜ್ಯೋತ್ಸವ ಹತ್ತಿರ ಬರುತ್ತಿದೆ, ಈಗ ಈ ಅಪಶಕುನದ ಮಾತು ಯಾಕೆ ಸ್ವಾಮಿ?" ಎಂದರು. ರಾಜ್ಯೋತ್ಸವ ಹತ್ತಿರ ಬರುತ್ತಿರುವುದರಿಂದಲೇ ಎಂದು ನಾನು ಉತ್ತರ ಕೊಟ್ಟೆ. ನವೆಂಬರ್ ತಿಂಗಳು ನಮಗೆ ನಾಡಹಬ್ಬದ ತಿಂಗಳು; ಬಂಗಾಳ ಕೊಲ್ಲಿಗೆ ಅದು ಚಂಡಮಾರುತಗಳ ತಿಂಗಳು. ನಮ್ಮ ರೈತರ ಮಳೆನಕ್ಷತ್ರಗಳ ಲೆಕ್ಕದಲ್ಲಿ ಹೇಳುವುದಾದರೆ ಚಿತ್ತೆಯಿಂದ ಹಿಡಿದು ಜ್ಯೇಷ್ಠೆಯವರೆಗೆ ಈ ಕರಾವಳಿಯವರು ಸಮುದ್ರದ ಕಡೆ ಒಂದು ಕಣ್ಣಿಟ್ಟೇ ಇರಬೇಕು. ಆ ಕಾಲದಲ್ಲೇ ನಾವು ತಗಡಿನ ಚಪ್ಪರ ಕಟ್ಟಿ, ನೂರಾರು ಜನರನ್ನು ಕೂರಿಸಿ, ನಾಡಗೀತೆ ಹಾಡುತ್ತೇವೆ.

ನಾನು ಹವಾಮಾನ ಶಾಸ್ತ್ರಜ್ಞನಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಹಾಸನದ ಕಡೆಯಿಂದ ಈ ಊರಿಗೆ ಬಂದು ನಲವತ್ತು ವರ್ಷಗಳಾದುವು. ಆದುದರಿಂದ ಮೊದಲು ನಮ್ಮಂಥ ಮೇಲುನಾಡಿನವರ ಅಜ್ಞಾನದಿಂದಲೇ ತೊಡಗುತ್ತೇನೆ. ಬೆಂಗಳೂರು ಮೈಸೂರುಗಳಲ್ಲಿ ನವೆಂಬರಿನಲ್ಲಿ ಮೂರು ದಿನ ಬಿಡದೆ ತುಂತುರು ಹಿಡಿದರೆ, "ಸೈಕ್ಲೋನ್ ಬಂದಿದೆ" ಎನ್ನುತ್ತಾರೆ. ಅಲ್ಲಿ ಸೈಕ್ಲೋನ್ ಎಂದರೆ ಸ್ವೆಟರು, ಬಿಸಿ ಕಾಫಿ, ಈರುಳ್ಳಿ ಬಜ್ಜಿ, ಒಣಗದ ಬಟ್ಟೆ. ಕೊಲ್ಲಿಯಲ್ಲಿ ಎದ್ದದ್ದು ಇಲ್ಲಿಯ ಕರಾವಳಿಗೆ ಬಡಿದು, ಬಲಗುಂದಿ, ಘಟ್ಟ ಹತ್ತಿ ಬಂದ ಮೇಲೆ ಉಳಿದ ಕೊನೆಯ ಉಸಿರನ್ನೇ ನಾವು ಬಾಲ್ಯದಲ್ಲಿ ಸೈಕ್ಲೋನ್ ಎಂದು ಕಲಿತೆವು. ಆ ಕಲಿಕೆಯನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಮದರಾಸಿಗೆ ಬಂದೆವು. ಮಂಗಳೂರು, ಉಡುಪಿ, ಕಾರವಾರದ ಕಡೆಯ ಬಂಧುಗಳಿಗೆ ತೂಫಾನೆಂದರೇನೆಂಬುದು ಗೊತ್ತು, ನಮಗೆ ಗೊತ್ತಿರಲಿಲ್ಲ.

ನನಗೆ ಅದು ಗೊತ್ತಾದದ್ದು ಬಹಳ ತಡವಾಗಿ, 2016ರ ಡಿಸೆಂಬರ್ 12ರಂದು. 'ವರ್ದಾ' ಚಂಡಮಾರುತದ ಕೇಂದ್ರವೇ ಆ ದಿನ ಮಧ್ಯಾಹ್ನ ಈ ಊರಿನ ಮೇಲೆ ಹಾದುಹೋಯಿತು. ಬೆಳಿಗ್ಗೆಯಿಂದ ಉತ್ತರ ದಿಕ್ಕಿನ ಗಾಳಿ ಕಿಟಕಿಗಳನ್ನು ಕಿತ್ತು ತೆಗೆಯುವಂತೆ ಬೀಸುತ್ತಿತ್ತು. ಸಂಜೆಯ ಹೊತ್ತಿಗೆ ಇದ್ದಕ್ಕಿದ್ದಂತೆ ನಿಂತಿತು. ಹಕ್ಕಿಯ ದನಿ ಕೂಡ ಕೇಳಿಸಿತು. ನಮ್ಮ ಬೀದಿಯ ಜನರೆಲ್ಲ ಹೊರಗೆ ಬಂದು, ಬಿದ್ದ ಮರಗಳನ್ನು ನೋಡುತ್ತ ನಿಂತರು, ನಾನೂ ನಿಂತೆ. ಅದು ಚಂಡಮಾರುತದ ಕಣ್ಣು ಎಂಬುದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಣ್ಣು ದಾಟಿದ ಕೂಡಲೇ ಅಷ್ಟೇ ವೇಗದ ಗಾಳಿ ಎದುರು ದಿಕ್ಕಿನಿಂದ, ದಕ್ಷಿಣದಿಂದ, ಬಂದೆರಗುತ್ತದೆ. ಉತ್ತರದ ಗಾಳಿಗೆ ಬುಡ ಸಡಿಲಾದ ಮರಗಳನ್ನು ದಕ್ಷಿಣದ ಗಾಳಿ ಮಲಗಿಸಿತು. ಊರಿನಲ್ಲಿ ಸಾವಿರಾರು ಮರಗಳು ಹೋದುವು.

ಆಗ ಹತ್ತಿರದ ಹೋಟೆಲೊಂದರ ತಾರಸಿಯ ಮೇಲೆ, ಕಲ್ನಾರು ಶೀಟಿನ ಕೋಣೆಯಲ್ಲಿ, ಕುಂದಾಪುರದ ಕಡೆಯ ಏಳೆಂಟು ಹುಡುಗರಿದ್ದರು. ಗಾಳಿ ನಿಂತಿತೆಂದು ಒಬ್ಬ ಹುಡುಗ ಹಾರಿಹೋದ ಶೀಟನ್ನು ತರಲು ಬೀದಿಗೆ ಇಳಿದ. ಗಾಳಿ ಮರಳಿ ಬಂದಾಗ ಅಂಗಡಿಯೊಂದರ ನಾಮಫಲಕ ಕಳಚಿ ಅವನ ಮೇಲೆ ಬಿತ್ತು. ಹೆಗಲ ಮೂಳೆ ಮುರಿಯಿತು, ಜೀವಕ್ಕೆ ಅಪಾಯವಾಗಲಿಲ್ಲ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವನು ನನ್ನನ್ನು ಕೇಳಿದ್ದು ಒಂದೇ ಮಾತು: "ಗಾಳಿ ತಿರುಗಿ ಬತ್ತ್ ಅಂದೇಳಿ ನಿಮ್ಗ್ ಗೊತ್ತಿತ್ತಾ?" ನನಗೆ ಗೊತ್ತಿರಲಿಲ್ಲ. ಆದರೆ ಗೊತ್ತಿರಬೇಕಾಗಿತ್ತು. ನಾನು ಆ ವರ್ಷ ಈ ಸಂಘದ ಕಾರ್ಯದರ್ಶಿಯಾಗಿದ್ದೆ.

ಎಚ್ಚರಿಕೆ ಕೊಟ್ಟಿರಲಿಲ್ಲವೇ ಎಂದು ಕೇಳಬಹುದು. ಧಾರಾಳವಾಗಿ ಕೊಟ್ಟಿದ್ದರು. ಎಚ್ಚರಿಕೆ ಕೊಡುವುದು ಬೇರೆ, ಅದು ತಲುಪುವುದು ಬೇರೆ. ಇಲ್ಲಿಯ ತಮಿಳು ಪತ್ರಿಕೆಗಳಲ್ಲಿ ಪ್ರತಿ ವರ್ಷ 'ಇಷ್ಟನೇ ನಂಬರ್ ಪುಯಲ್ ಎಚ್ಚರಿಕ್ಕೈ ಕೂಂಡು ಏರಿಸಲಾಗಿದೆ' ಎಂದು ಓದುತ್ತೇವೆ. ಕೂಂಡು ಎಂದರೆ ಪಂಜರ. ಬಹಳ ಕಾಲ ನಾನು ಇದೇನು ಪಂಜರವೆಂದು ಬೆರಗಾಗಿದ್ದೆ. ಬಂದರಿನ ಕಂಬಕ್ಕೆ ಹಗಲಿನಲ್ಲಿ ಶಂಕುವಿನ, ಉರುಳೆಯ ಆಕಾರದ ಸಂಕೇತಗಳನ್ನು ಏರಿಸುತ್ತಾರೆ, ಇರುಳಿನಲ್ಲಿ ದೀಪಗಳನ್ನು. ಅದು ಹಡಗಿನವರಿಗಾಗಿ ಇರುವ ಭಾಷೆ. ಒಂದರಿಂದ ಹನ್ನೊಂದರವರೆಗೆ ಅಂಕಿಗಳಿವೆ. ಒಂದು ಮತ್ತು ಎರಡು ದೂರದ ಸಮುದ್ರದ ಸುದ್ದಿ. ಮೂರು ನಾಲ್ಕು ಬಂದರಿಗೇ ಸಂಬಂಧಿಸಿದ ಎಚ್ಚರಿಕೆ. ಐದು, ಆರು, ಏಳು ಅಪಾಯ. ಎಂಟು, ಒಂಬತ್ತು, ಹತ್ತು ಮಹಾ ಅಪಾಯ. ಹನ್ನೊಂದೆಂದರೆ ಎಚ್ಚರಿಕೆ ಕೊಡುವ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ ಎಂದರ್ಥ. ಇದರಲ್ಲಿ ಒಂದು ಮರ್ಮವಿದೆ. ಐದಕ್ಕಿಂತ ಏಳು ದೊಡ್ಡ ಗಾಳಿಯಲ್ಲ. ಚಂಡಮಾರುತವು ಬಂದರನ್ನು ತನ್ನ ಎಡಕ್ಕೆ ಬಿಟ್ಟು ದಾಟುತ್ತದೋ, ಬಲಕ್ಕೆ ಬಿಟ್ಟು ದಾಟುತ್ತದೋ, ಇಲ್ಲವೇ ಬಂದರಿನ ಮೇಲೆಯೇ ಬರುತ್ತದೋ ಎಂಬುದನ್ನು ಆ ಅಂಕಿಗಳು ಹೇಳುತ್ತವೆ. ನಮ್ಮ ಮನೆಯ ಹೆಂಗಸರು ಮಕ್ಕಳು "ನಿನ್ನೆ ಐದಿತ್ತು, ಇವತ್ತು ಏಳಾಗಿದೆ" ಎಂದು ಜ್ವರದ ಲೆಕ್ಕದಂತೆ ಮಾತನಾಡಿಕೊಳ್ಳುತ್ತಾರೆ. ತಪ್ಪು ಅವರದಲ್ಲ. ನಾವಿಕರ ಸಂಕೇತವನ್ನು ಬಿಡಿಸಿ ಹೇಳದೆ ಗೃಹಸ್ಥರ ಮುಂದಿಟ್ಟವರದು.

ನಮಗೆ ಬೇಕಾದದ್ದು ಬೇರೆ ಭಾಷೆ, ಹವಾಮಾನ ಇಲಾಖೆಯ ಬಣ್ಣಗಳದು. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕಾರ್ಯಕ್ಕಿಳಿಯಿರಿ. ಕೆಂಪು ಬಂದಾಗ ಸಿದ್ಧತೆಗೆ ತೊಡಗಿದವನು ಪರೀಕ್ಷೆಯ ಕೊಠಡಿಯಲ್ಲಿ ಪುಸ್ತಕ ಕೊಳ್ಳಲು ಹೊರಟವನಂತೆ. ಇನ್ನು ತಮಿಳಿನ ಕೆಲವು ಮಾತುಗಳು. ಕನ್ನಡದಲ್ಲಿ ಎಚ್ಚರಿಕೆ ಕೊಡಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸೋಣವೆಂದು ಕೆಲವು ತರುಣ ಮಿತ್ರರು ಸೂಚಿಸಿದ್ದಾರೆ. ಅವರ ಭಾಷಾಭಿಮಾನಕ್ಕೆ ನಮಸ್ಕಾರ. ಆದರೆ ಈ ಊರಿನಲ್ಲಿ ಅನ್ನ ತಿನ್ನುತ್ತ ಐದಾರು ಪದಗಳನ್ನು ಕಲಿಯಲಾರದಷ್ಟು ಬಡವರು ನಾವಲ್ಲ. ಪುಯಲ್ ಎಂದರೆ ಚಂಡಮಾರುತ. ಕನಮಳೈ ಎಂದರೆ ಭಾರಿ ಮಳೆ. ವೆಳ್ಳಂ ಎಂದರೆ ನೆರೆ. ತಾಳ್ವಾನ ಪಗುದಿ ಎಂದರೆ ತಗ್ಗುಪ್ರದೇಶ. ನಿವಾರಣ ಮುಗಾಂ ಎಂದರೆ ಪರಿಹಾರ ಶಿಬಿರ, ನಮ್ಮ 'ಮುಕ್ಕಾಂ' ಪದವೇ ಅದು. 'ಕರೈಯೈ ಕಡಕ್ಕುಂ' ಎಂಬುದೊಂದಿದೆ: ಕರೆಯನ್ನು, ಅಂದರೆ ದಡವನ್ನು, ದಾಟುತ್ತದೆ. ದಾಟಿತು ಎಂದರೆ ತೊಲಗಿತು ಎಂದು ನಮ್ಮವರು ತಿಳಿಯುತ್ತಾರೆ. ವಾಸ್ತವವಾಗಿ ಅದು ನಮ್ಮ ಮನೆಬಾಗಿಲಿಗೆ ಬರುವ ಗಳಿಗೆ.

ಚಂಡಮಾರುತದಲ್ಲಿ ಜನರನ್ನು ಕೊಲ್ಲುವುದು ಗಾಳಿಗಿಂತ ಹೆಚ್ಚಾಗಿ ನೀರು. ಗಾಳಿ ಸಮುದ್ರವನ್ನು ದಡದ ಮೇಲೆ ರಾಶಿ ಹಾಕುತ್ತದೆ. ನಮ್ಮ ಗೋಲಾರ್ಧದಲ್ಲಿ ಚಂಡಮಾರುತ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ, ಪೂರ್ವ ಕರಾವಳಿಯಲ್ಲಿ ಅದು ದಾಟುವ ಸ್ಥಳದ ಉತ್ತರಕ್ಕೆ ಸಮುದ್ರ ಒಳನುಗ್ಗುತ್ತದೆ. ಈ ಕೊಲ್ಲಿಯ ಮೂಲೆಯಲ್ಲಿ ನೀರಿನ ಆಳ ಕಡಿಮೆ, ಆಕಾರ ಬುಟ್ಟಿಯಂತೆ. ರಾಶಿಯಾದ ನೀರಿಗೆ ಹೋಗಲು ಬೇರೆ ದಾರಿಯಿಲ್ಲ. ಇದನ್ನು ಕಂಡುಕೊಂಡವರು ಇಲ್ಲದಿರಲಿಲ್ಲ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ, 'ಸೈಕ್ಲೋನ್' ಎಂಬ ಹೆಸರನ್ನೇ ಟಂಕಿಸಿದವನು, ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರು ಕಟ್ಟಬೇಡಿರೆಂದು 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಬರೆದ. ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎಂಬ ಬಂದರು ತಲೆಯೆತ್ತಿತು. 1867ರ ಚಂಡಮಾರುತದಲ್ಲಿ ಹಾಳಾಯಿತು. ನಮ್ಮ ರಾಮೇಶ್ವರ ಯಾತ್ರೆಯ ಧನುಷ್ಕೋಟಿಯ ಕಥೆ ತಮಗೆ ತಿಳಿದೇ ಇದೆ. 1964ರ ಡಿಸೆಂಬರ್ 22ರ ರಾತ್ರಿ ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಪ್ರಯಾಣಿಕರ ಸಮೇತ ಸಮುದ್ರದ ಪಾಲಾಯಿತು. ಊರು ಮತ್ತೆ ಏಳಲಿಲ್ಲ.

ಇನ್ನು, ಸಿದ್ಧತೆಯಿಂದ ಏನಾಗುತ್ತದೆ ಎಂಬುದಕ್ಕೆ ಉತ್ತರ ಸಾವಿನ ಲೆಕ್ಕದಲ್ಲಿದೆ. ಲೆಕ್ಕ ಬರೆದವನಾದುದರಿಂದ ನನಗೆ ಅದರಲ್ಲಿ ನಂಬಿಕೆ. 1977ರ ನವೆಂಬರ್ 19ರಂದು ಕೃಷ್ಣಾ ನದಿಯ ಮುಖಜಭೂಮಿಯ ದಿವಿಸೀಮೆಯಲ್ಲಿ ಸಮುದ್ರ ಹಳ್ಳಿಗಳ ಮೇಲೆ ಬಂದು ಹತ್ತು ಸಾವಿರ ಜನ ಸತ್ತರು. 1990ರ ಮೇ ತಿಂಗಳಿನಲ್ಲಿ ಅದೇ ಕರಾವಳಿಗೆ ಬಹಳ ಪ್ರಬಲವಾದ ಮತ್ತೊಂದು ಬಂತು. ಆ ವೇಳೆಗೆ ಆಂಧ್ರದಲ್ಲಿ ಆಶ್ರಯ ಕಟ್ಟಡಗಳೆದ್ದಿದ್ದುವು, ಲಕ್ಷಗಟ್ಟಲೆ ಜನರನ್ನು ಮೊದಲೇ ಸಾಗಿಸಿದರು. ಸತ್ತವರು ಸುಮಾರು ಒಂದು ಸಾವಿರ. ಒಡಿಶಾದಲ್ಲಿ 1999ರ ಅಕ್ಟೋಬರ್ 29ರ ಮಹಾಚಂಡಮಾರುತಕ್ಕೆ ಸುಮಾರು ಹತ್ತು ಸಾವಿರ ಜನ ಬಲಿಯಾದರು. ಆ ರಾಜ್ಯ ಆ ಬಳಿಕ ಪ್ರತ್ಯೇಕ ಪ್ರಾಧಿಕಾರ ಸ್ಥಾಪಿಸಿತು. ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ನಿಂತ ಆಶ್ರಯಗಳನ್ನು ಕಟ್ಟಿ, ಉಳಿದ ದಿನಗಳಲ್ಲಿ ಅಲ್ಲಿ ಶಾಲೆ ನಡೆಸಿತು. ಋತುವಿಗೆ ಮುಂಚೆ ಅಣಕು ಕವಾಯತು ಮಾಡಿಸಿತು. 2013ರಲ್ಲಿ 'ಫೈಲಿನ್' ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಿದರು. ಸತ್ತವರ ಸಂಖ್ಯೆ ಹತ್ತುಗಳಲ್ಲಿ ನಿಂತಿತು. 2019ರಲ್ಲಿ 'ಫನಿ' ಬಂದಾಗ ಹನ್ನೆರಡು ಲಕ್ಷ ಜನರನ್ನು ಸಾಗಿಸಿದರು, ಸತ್ತವರು 64. ಅಕ್ಟೋಬರ್ 29ನ್ನು ಅವರು ಮರೆತಿಲ್ಲ, ಆ ದಿನವನ್ನು ಸಿದ್ಧತಾ ದಿನವೆಂದು ಆಚರಿಸುತ್ತಾರೆ. ಬಡರಾಜ್ಯವೆಂದು ನಾವು ಮೂಗು ಮುರಿಯುವ ಒಡಿಶಾ ಮಾಡಿದ ಕೆಲಸವಿದು.

ಇದರಲ್ಲಿ ರಾಜಕೀಯವಿಲ್ಲವೆಂದು ತಿಳಿಯಬಾರದು. 1970ರ ನವೆಂಬರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. ಚಂಡಮಾರುತ ಬರುತ್ತಿದೆಯೆಂದು ಅವರಲ್ಲಿ ಬಹುಮಂದಿಗೆ ತಿಳಿದಿತ್ತು. ಎಲ್ಲಿಗೆ ಹೋಗಬೇಕೆಂಬುದು ತಿಳಿದಿರಲಿಲ್ಲ, ಹೋಗಲು ಸ್ಥಳವೂ ಇರಲಿಲ್ಲ. ಪಶ್ಚಿಮದ ಆಳರಸರ ಉದಾಸೀನಕ್ಕೆ ಮರುತಿಂಗಳ ಚುನಾವಣೆಯಲ್ಲಿ ಉತ್ತರ ಸಿಕ್ಕಿತು, ಮರುವರ್ಷ ಹೊಸ ದೇಶವೇ ಹುಟ್ಟಿತು. ಆ ಹೊಸ ದೇಶ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ಕೈಯಲ್ಲಿ ಬಾವುಟ ಮತ್ತು ಧ್ವನಿವರ್ಧಕ ಹಿಡಿದು ಮನೆಮನೆಗೆ ಹೋಗುವ ಸಾವಿರಾರು ಸ್ವಯಂಸೇವಕರನ್ನು ಹಳ್ಳಿಗಳಲ್ಲಿ ಸಿದ್ಧಪಡಿಸಿದ್ದು. ಪರಿಹಾರ ಹಂಚುವವನಿಗೆ ಹಾರ ಬೀಳುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಮುಂಚೆಯೇ ಚರಂಡಿ ತೆಗೆಸಿದವನ ಚಿತ್ರವನ್ನು ಯಾರು ಹಾಕುತ್ತಾರೆ? ನಮ್ಮ ಸಂಘವೂ ಇದಕ್ಕೆ ಹೊರತಲ್ಲ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಊರು ಮುಳುಗಿದ ಮೇಲೆ ಚಾಪೆ, ಕಂಬಳಿ, ಅಕ್ಕಿ ಹಂಚಿದೆವು; ಒಳ್ಳೆಯದನ್ನೇ ಮಾಡಿದೆವು. ನೀರಿಳಿದ ಮೇಲೆ, ಸುಮಾರು ಒಂದು ವರ್ಷದ ಬಳಿಕ ವರ್ದಾ ಬರುವವರೆಗೆ, ಏನೂ ಮಾಡಲಿಲ್ಲ.

ಇಲ್ಲಿ ನನ್ನ ತಪ್ಪೊಪ್ಪಿಗೆಗೆ ಬರುತ್ತೇನೆ. ವರ್ದಾ ಹಾದುಹೋದ ಮರುದಿನ ಬೆಂಗಳೂರಿನಿಂದ ಒಬ್ಬರು ಹೇಗೋ ನನ್ನ ಮನೆಯ ಹಳೆಯ ದೂರವಾಣಿಗೆ ಕರೆ ಮಾಡಿದರು. ಅವರ ತಾಯಿ ನಮ್ಮ ಸಂಘದ ಹಳೆಯ ಸದಸ್ಯೆ. ಎಪ್ಪತ್ತೆಂಟು ವರ್ಷ, ಒಂಟಿ ಜೀವ, ದಿನಕ್ಕೆ ಎರಡು ಬಾರಿ ಇನ್ಸುಲಿನ್. ಕೈಫೋನಿಗೆ ಉತ್ತರವಿಲ್ಲ. "ಸಂಘದವರು ಒಮ್ಮೆ ಹೋಗಿ ನೋಡುತ್ತೀರಾ ಸಾರ್?" ಎಂದರು. ನಾನು ಸದಸ್ಯರ ಪುಸ್ತಕ ತೆರೆದು ವಿಳಾಸ ಬರೆದುಕೊಟ್ಟೆ. ಇಬ್ಬರು ತರುಣರು ಬಿದ್ದ ಮರಗಳನ್ನು ಹತ್ತಿ ಇಳಿಯುತ್ತ ತಿರುವಲ್ಲಿಕ್ಕೇಣಿಯವರೆಗೆ ನಡೆದೇ ಹೋದರು. ಅಲ್ಲಿ ಆ ಮನೆಯೇ ಇರಲಿಲ್ಲ. ಕೆಡವಿ ಫ್ಲ್ಯಾಟುಗಳನ್ನು ಕಟ್ಟಿ ವರ್ಷಗಳಾಗಿದ್ದುವು. ನಮ್ಮ ಪುಸ್ತಕದಲ್ಲಿದ್ದದ್ದು ಅವರು ಸದಸ್ಯತ್ವ ಪಡೆದ ದಿನದ ವಿಳಾಸ. ಆಮೇಲೆ ಅವರು ಎರಡು ಮನೆ ಬದಲಾಯಿಸಿದ್ದರು. ಚಂದಾ ಮಾತ್ರ ತಪ್ಪದೆ ಕಳುಹಿಸುತ್ತಿದ್ದರು. ಮಗನ ಬಳಿಯಿದ್ದ ವಿಳಾಸವನ್ನು ಕೇಳುವ ಬುದ್ಧಿ ನನಗೆ ಬರಲಿಲ್ಲ, ಪುಸ್ತಕದ ಮೇಲೆ ಅಷ್ಟು ಭರವಸೆ. ಮತ್ತೆ ಆ ಮಗನ ಕರೆ ಸಿಗುವ ಹೊತ್ತಿಗೆ ಎರಡು ದಿನ ಕಳೆದಿತ್ತು.

ನಾಲ್ಕನೆಯ ದಿನ ವೇಳಚ್ಚೇರಿಯಲ್ಲಿ ಅವರ ಮನೆ ಹುಡುಕಿಕೊಂಡು ನಾನೇ ಹೋದೆ. ವಿದ್ಯುತ್ತು ಇನ್ನೂ ಬಂದಿರಲಿಲ್ಲ. ಅಜ್ಜಿ ಕುರ್ಚಿಯಲ್ಲಿ ಕುಳಿತು ಮೊಸರನ್ನ ತಿನ್ನುತ್ತಿದ್ದರು. ಪಕ್ಕದ ಮನೆಯ ತಮಿಳು ಹೆಂಗಸು ಮೊದಲ ರಾತ್ರಿಯೇ ಬಂದು, ಕೆಲಸ ನಿಲ್ಲಿಸಿದ ಫ್ರಿಜ್ಜಿನಿಂದ ಇನ್ಸುಲಿನ್ ತೆಗೆದು, ನೀರು ಸೇರದಂತೆ ಕಟ್ಟಿ, ಒದ್ದೆ ಮರಳಿನ ನಡುವೆ ಮಣ್ಣಿನ ಮಡಕೆಯಲ್ಲಿಟ್ಟಿದ್ದಳು. ಊಟವೂ ಅವಳದೇ. ಅಜ್ಜಿ ನನ್ನನ್ನು ನೋಡಿ, "ಸಂಘದಿಂದ ಬಂದಿರಾ? ಚಂದಾಕ್ಕೇನೋ ಅಂದುಕೊಂಡೆ" ಎಂದರು. ಅದು ಹಾಸ್ಯವೋ ಏಟೋ ನನಗೆ ಇಂದಿಗೂ ತಿಳಿಯದು. ಈಗ ಅವರಿಲ್ಲ.

ಭಾಷೆಯ ನಂಟು ದೊಡ್ಡದೆಂದು ಈ ವೇದಿಕೆಯಿಂದ ನಾನೇ ಎಷ್ಟೋ ಬಾರಿ ಹೇಳಿದ್ದೇನೆ. ಆ ನಾಲ್ಕು ದಿನ ಅವರ ಜೀವ ಉಳಿಸಿದ್ದು ಗೋಡೆಯ ನಂಟು. ಹಾಗೆಂದು ಸಂಘ ವ್ಯರ್ಥವೆನ್ನುತ್ತಿಲ್ಲ. ಪಕ್ಕದ ಮನೆಯವರ ಹೆಸರು ಸಂಘದ ಪುಸ್ತಕದಲ್ಲಿ ಇದ್ದಿದ್ದರೆ ಬೆಂಗಳೂರಿನ ಮಗ ಮೂರು ರಾತ್ರಿ ನಿದ್ದೆಗೆಡಬೇಕಾಗಿರಲಿಲ್ಲ.

ಇನ್ನು ಮನೆಯ ಮಟ್ಟಿಗೆ ಕೆಲವು ಮಾತು, ಎಲ್ಲವೂ ಪೆಟ್ಟು ತಿಂದು ಕಲಿತವು. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ತುಂಬಿಸಿಡಿ. ಖಾಲಿ ಟ್ಯಾಂಕು ಗಾಳಿಗೆ ಎದ್ದುಹೋಗುತ್ತದೆ, ಹೋಗಲಿ ಎಂದರೂ ಇನ್ನೊಬ್ಬರ ತಲೆಯ ಮೇಲೆ ಇಳಿಯುತ್ತದೆ. ಹೂಕುಂಡ, ಶೀಟು, ಮುರಿದ ಕುರ್ಚಿಗಳನ್ನು ಒಳಗೆ ತನ್ನಿ. ಸಂಪಿನ ಮುಚ್ಚಳಕ್ಕಿಂತ ಬೀದಿಯ ನೀರು ಮೇಲೆ ಬಂದರೆ ಆ ನೀರು ಕುಡಿಯಲು ಬಾರದು. ಆದುದರಿಂದ ಕುಡಿಯುವ ನೀರನ್ನು ಮೊದಲೇ ಬೇರೆ ಹಿಡಿದಿಡಿ. ನೆಲಮಹಡಿಗೆ ನೀರು ಬರುವ ಮುಂಚೆ ಮೇನ್ ಸ್ವಿಚ್ಚು ಆರಿಸಬೇಕು, ಬಂದ ಮೇಲೆ ಅದನ್ನು ಮುಟ್ಟಬಾರದು. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿದರೆ ಎಂಜಿನ್ನೂ ಹೋಗುತ್ತದೆ, ವಿಮೆಯವರೊಡನೆ ವ್ಯಾಜ್ಯವೂ ಹುಟ್ಟುತ್ತದೆ. ಔಷಧಿ ಹದಿನೈದು ದಿನಕ್ಕೆ ಸಾಕಾಗುವಷ್ಟಿರಲಿ. ಪತ್ರಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೇಲಿನ ಅಟ್ಟದಲ್ಲಿಡಿ. ಸೆಲ್ಲು ಹಾಕುವ ರೇಡಿಯೋ ಒಂದಿರಲಿ.

ಹಣದ ಮಾತನ್ನು ಬ್ಯಾಂಕಿನವನಾಗಿ ಸ್ವಲ್ಪ ಒತ್ತಿ ಹೇಳುತ್ತೇನೆ. ವರ್ದಾ ಬಂದದ್ದು ನೋಟು ರದ್ದತಿಯಾಗಿ ತಿಂಗಳೊಂದು ಕಳೆದಾಗ. ಕೈಯಲ್ಲಿ ನಗದಿಲ್ಲ, ಕಾರ್ಡು ಉಜ್ಜಿರೆಂದು ಸರ್ಕಾರ ಹೇಳುತ್ತಿತ್ತು, ಉಜ್ಜಲು ವಿದ್ಯುತ್ತಿಲ್ಲ, ದೂರವಾಣಿಯ ಗೋಪುರಗಳಿಲ್ಲ, ಎ.ಟಿ.ಎಂ. ಬಾಗಿಲು ಮುಚ್ಚಿದೆ. ಕಿಸೆಯಲ್ಲಿ ಎರಡು ಸಾವಿರದ ಒಂದು ನೋಟಿಟ್ಟುಕೊಂಡು ಹಾಲಿಗೆ ಚಿಲ್ಲರೆಯಿಲ್ಲದೆ ನಿಂತ ಮಾಜಿ ಬ್ಯಾಂಕ್ ಅಧಿಕಾರಿಯನ್ನು ನೀವು ನೋಡಬೇಕಾಗಿತ್ತು. ಈಗ ಎಲ್ಲವೂ ಕೈಫೋನಿನಲ್ಲಿ ನಡೆಯುವ ಕಾಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹತ್ತರ, ಇಪ್ಪತ್ತರ, ಐವತ್ತರ ನೋಟುಗಳು ಒಂದಿಷ್ಟು ಮನೆಯಲ್ಲಿರಲಿ.

ಚಂಡಮಾರುತ ಬೇರೆಲ್ಲೋ ದಾಟುತ್ತದೆಂದು ನಿಶ್ಚಿಂತರಾಗಲೂ ಬಾರದು. 2023ರ ಡಿಸೆಂಬರಿನಲ್ಲಿ 'ಮಿಚಾಂಗ್' ದಡ ದಾಟಿದ್ದು ಆಂಧ್ರದ ಬಾಪಟ್ಲದ ಬಳಿ, ಮುಳುಗಿದ್ದು ನಾವು. ಮೂವತ್ತು ಸೆಂಟಿಮೀಟರ್ ಮಳೆಯೆಂದರೆ ಸಾವಿರದ ಇನ್ನೂರು ಚದರಡಿಯ ಒಂದು ಮನೆಯ ಮೇಲೆ ಸುಮಾರು ಮೂವತ್ತಮೂರು ಸಾವಿರ ಲೀಟರು ನೀರು. ಬೇಸಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಹನ್ನೆರಡು ಸಾವಿರ ಲೀಟರಿನ ಲಾರಿಗಳು ಮೂರು ಹತ್ತಿರಹತ್ತಿರ ಬಂದು ನಿಮ್ಮ ಮನೆಯ ಮೇಲೆ ಸುರಿದಂತೆ. ಹರಿದುಹೋಗಲು ಕೆರೆಯಿಲ್ಲ, ಕೆರೆಯಿದ್ದೆಡೆ ನಾವೇ ಇದ್ದೇವೆ.

ಈ ಪತ್ರಿಕೆ ಮುಂಬಯಿ, ಪುಣೆಗಳಿಗೂ ಹೋಗುವುದರಿಂದ ಅಲ್ಲಿಯ ಬಂಧುಗಳಿಗೆ ಒಂದು ಮಾತು. ಅರಬ್ಬೀ ಸಮುದ್ರ ಸಾಧು ಸಮುದ್ರವೆಂದು ನಾವೆಲ್ಲ ನಂಬಿದ್ದೆವು. 2020ರ ಜೂನ್ 3ರಂದು 'ನಿಸರ್ಗ' ರಾಯಗಡದ ಕರಾವಳಿಯನ್ನು ಹೊಕ್ಕಿತು. 2021ರ ಮೇ ತಿಂಗಳಿನಲ್ಲಿ 'ತೌಕ್ತೆ' ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ದಡಗಳನ್ನು ಕೊರೆದು, ಮುಂಬಯಿಯ ಪಕ್ಕದಲ್ಲಿ ಹಾದು ಗುಜರಾತಿಗೆ ಹೋಯಿತು. ಮುಂಬಯಿಯಾಚೆಯ ಸಮುದ್ರದಲ್ಲಿ ಕೆಲಸಗಾರರ ದೋಣಿಮನೆ ಮುಳುಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಸಮುದ್ರ ಬಿಸಿಯೇರುತ್ತಿದೆ. ಅಲ್ಲಿ ಋತುಗಳು ಎರಡು: ಮುಂಗಾರಿಗೆ ಮುಂಚೆ ಮೇ-ಜೂನ್, ಮುಂಗಾರು ಹೋದ ಮೇಲೆ ಅಕ್ಟೋಬರಿನಿಂದ.

ಕೊನೆಯದಾಗಿ ಸಂಘದ ಮುಂದೆ ನನ್ನ ಮೂರು ಬೇಡಿಕೆಗಳು. ರಾಜ್ಯೋತ್ಸವವನ್ನು ಈ ಸಲ ತಗಡಿನ ಚಪ್ಪರದಲ್ಲಿ ಬೇಡ, ಈ ಸಭಾಂಗಣದಲ್ಲೇ ಮಾಡೋಣ. ಜನ ಕಡಿಮೆಯಾದರೆ ಎರಡು ದಿನ ಮಾಡೋಣ. ಸ್ಮರಣ ಸಂಚಿಕೆಯಲ್ಲಿ ಗಣ್ಯರ ಶುಭಾಶಯಗಳಿಗೆ ಮೀಸಲಾದ ಪುಟಗಳಲ್ಲಿ ಎರಡನ್ನು ಬಿಟ್ಟುಕೊಟ್ಟರೆ, ಬಣ್ಣಗಳ ಅರ್ಥ, ತಮಿಳು ಪದಗಳು, ಜಿಲ್ಲೆಯ ನಿಯಂತ್ರಣ ಕೊಠಡಿಯ 1077 ಮತ್ತು ರಾಜ್ಯದ 1070 ಸಂಖ್ಯೆಗಳನ್ನು ಅಲ್ಲಿ ಅಚ್ಚು ಹಾಕಿಸಬಹುದು. ಮೂರನೆಯದು ಸ್ವಲ್ಪ ಖಾರ. ನಮ್ಮ ಪೋಷಕರಲ್ಲಿ ಹಲವರು ಹೋಟೆಲು ಉದ್ಯಮಿಗಳು. ಅವರ ಔದಾರ್ಯದಿಂದಲೇ ಈ ಕಟ್ಟಡ ನಿಂತಿದೆ. ಅವರಲ್ಲಿ ಕೈಮುಗಿದು ಕೇಳುತ್ತೇನೆ: ಕಿತ್ತಳೆ ಬಣ್ಣ ಬಂದ ಸಂಜೆಯೇ ತಾರಸಿಯ ಶೀಟಿನ ಕೋಣೆಗಳಿಂದ ಹುಡುಗರನ್ನು ಕೆಳಗಿಳಿಸಿ, ಊಟದ ಹಜಾರದಲ್ಲಿ ಮಲಗಿಸಿ. ಜಾಗ ಸಾಲದಿದ್ದರೆ ಈ ಸಭಾಂಗಣದ ಬೀಗದ ಕೈ ನನ್ನ ಬಳಿ ಇರುತ್ತದೆ.

ಹೊಸ ಸದಸ್ಯರ ಪುಸ್ತಕವೊಂದನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಡಿಸಿದ್ದೇನೆ. ಈಗಿನ ವಿಳಾಸ, ಮನೆ ಎಷ್ಟನೆಯ ಮಹಡಿಯಲ್ಲಿದೆ, ಮನೆಯಲ್ಲಿ ಹಿರಿಯರು ರೋಗಿಗಳು ಯಾರು, ಯಾವ ಔಷಧಿ, ಪಕ್ಕದ ಮನೆಯವರ ಹೆಸರು ಮತ್ತು ದೂರವಾಣಿ ಎಂದು ಅಂಕಣಗಳನ್ನು ಎಳೆಸಿದ್ದೇನೆ. ಪಕ್ಕದ ಮನೆಯವರ ಹೆಸರು ತಿಳಿಯದವರು ಇಂದು ಸಂಜೆ ಹೋಗಿ ಕೇಳಿ, ಮುಂದಿನ ಭಾನುವಾರ ಬಂದು ತುಂಬಿಸಿದರೂ ಆಗುತ್ತದೆ. ಕಾಫಿ ಕುಡಿಯುವ ಮೊದಲು ಬರೆದುಬಿಡಿ, ಆಮೇಲೆ ಮರೆತುಹೋಗುತ್ತದೆ.